ಹಳೆಯ ಸುರುಳಿ, ಹೊಸ ಯಂತ್ರ

ಕರೆಯುವ ಹಸುವನ್ನು ಮಾರಿ ಹತ್ತು ವರ್ಷವಾದ ಮೇಲೆ ಹಾಲಿನ ತಂಬಿಗೆಯೊಂದನ್ನು ಹೊಸದಾಗಿ ಕೊಂಡು ತಂದವನನ್ನು ಕಂಡು ಊರಿನವರು ಏನೆಂದಾರೋ, ಕಳೆದ ಮಾಘಮಾಸದಲ್ಲಿ ನನ್ನ ಮನೆಯವರು ನನ್ನನ್ನು ಕುರಿತು ಅದನ್ನೇ ಅಂದರು. ನಾನು ಮಾಡಿದ ಅಪರಾಧವಾದರೂ ಇಷ್ಟೆ: ಲೋಕವೆಲ್ಲ ಕ್ಯಾಸೆಟ್ಟನ್ನು ಕೈಬಿಟ್ಟು ಎಷ್ಟೋ ವರ್ಷಗಳು ಸಂದ ಮೇಲೆ, ಹೊಚ್ಚ ಹೊಸ ಕ್ಯಾಸೆಟ್ ಡೆಕ್ ಒಂದನ್ನು ಹಣ ಕೊಟ್ಟು ಮನೆಗೆ ತಂದೆ. ಏಳು ವರ್ಷದ ಮಗ ಅದಕ್ಕೆ ಒಂದು ಪ್ರದಕ್ಷಿಣೆ ಬಂದು, "ಅಪ್ಪಾ, ಇದರ ಸ್ಕ್ರೀನ್ ಎಲ್ಲಿದೆ?" ಎಂದು ಕೇಳಿದ. ನನ್ನ ಪತ್ನಿ ಪ್ರದಕ್ಷಿಣೆಯ ಗೋಜಿಗೆ ಹೋಗಲಿಲ್ಲ. ನೇರವಾಗಿ ಬಿಲ್ಲನ್ನು ನೋಡಿದಳು. "ಹಾಡು ಬೇಕಾದರೆ ಫೋನಿನಲ್ಲೇ ಇದೆಯಲ್ಲ, ಇದಕ್ಕೆ ಇಷ್ಟು ದುಡ್ಡು ಸುರಿಯಬೇಕಾಗಿತ್ತೆ?" ಎಂದಳು.

ಪ್ರಶ್ನೆ ನ್ಯಾಯವಾದದ್ದೇ. ಆ ದಿನ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ತಿಂಗಳೆರಡು ಕಳೆದ ಮೇಲೆ ಉತ್ತರ ದೊರೆಯಿತು. ಅದು ದೊರೆತ ಬಗೆಯನ್ನೇ ವಾಚಕರ ಮುಂದೆ ನಿವೇದಿಸಿಕೊಳ್ಳುತ್ತೇನೆ.

ಅಟ್ಟದ ಮೇಲಿನ ಡಬ್ಬಿ

ನಮ್ಮ ಊರು ತೀರ್ಥಹಳ್ಳಿಯ ಕಡೆಯದು. ನಾನು ಶಿವಮೊಗ್ಗೆಯಲ್ಲಿ ಕನ್ನಡ ಪಾಠ ಹೇಳಿಕೊಂಡಿರುವವನು. ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ, ಅಟ್ಟದ ಮೇಲಿನಿಂದ ಹಿತ್ತಾಳೆಯ ದೀಪದ ಕಂಬಗಳನ್ನು ಇಳಿಸಿಕೊಡೆಂದು ಅಮ್ಮ ಹೇಳಿದಳು. ಕಂಬಗಳು ಸಿಗುವುದಕ್ಕೆ ಮೊದಲು ಕೈಗೆ ತಗುಲಿದುದು ತಗಡಿನ ಒಂದು ಬಿಸ್ಕತ್ತಿನ ಡಬ್ಬಿ. ತೆರೆದು ನೋಡಿದರೆ ಒಳಗೆ ನಲವತ್ತಮೂರು ಕ್ಯಾಸೆಟ್ಟುಗಳು!

ಅವುಗಳಲ್ಲಿ ಮೂವತ್ತೆರಡು ಅಂಗಡಿಯಿಂದ ಕೊಂಡವು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ'; ಸಿ. ಅಶ್ವತ್ಥರು ಹಾಡಿದ ಶಿಶುನಾಳ ಷರೀಫರ ಪದಗಳು, ಗುರುರಾಜುಲು ನಾಯ್ಡು ಅವರ ಹರಿಕಥೆಗಳು, ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ', ಒಂದಷ್ಟು ಸಿನಿಮಾ ಹಾಡುಗಳು, ಒಂದಷ್ಟು ದೇವರನಾಮಗಳು. ಎಂಬತ್ತು-ತೊಂಬತ್ತರ ದಶಕಗಳಲ್ಲಿ ಕನ್ನಡನಾಡಿನ ಯಾವ ಮಧ್ಯಮವರ್ಗದ ಮನೆಯ ಡಬ್ಬಿಯನ್ನು ತೆರೆದಿದ್ದರೂ ಹೆಚ್ಚುಕಡಮೆ ಇದೇ ಸಂಸಾರ ಕಾಣುತ್ತಿದ್ದಿತು.

ಉಳಿದ ಹನ್ನೊಂದರ ಕಥೆ ಬೇರೆ. ಅವುಗಳ ಮೇಲೆ ಅಚ್ಚಿನ ಅಕ್ಷರವಿರಲಿಲ್ಲ. ನೀಲಿ ಬಾಲ್‌ಪೆನ್ನಿನಲ್ಲಿ, ಅಮ್ಮನ ದುಂಡನೆಯ ಕೈಬರಹದಲ್ಲಿ ಹೆಸರುಗಳಿದ್ದುವು: 'ತಂಗಿಯ ಮದುವೆ, ೧೯೮೮', 'ತಾಳಮದ್ದಲೆ, ಅರ್ಧ', 'ಮಗುವಿನ ಮಾತು' - ಆ ಮಗು ಈ ಲೇಖನವನ್ನು ಬರೆಯುತ್ತಿರುವ ಮಹಾಶಯನೇ - ಮತ್ತು, ಎಲ್ಲಕ್ಕಿಂತ ಕೆಳಗೆ, ಹಳೆಯ ಕರವಸ್ತ್ರವೊಂದರಲ್ಲಿ ಸುತ್ತಿಟ್ಟಿದ್ದ 'ಅಮ್ಮನ ಹಾಡು, ೧೯೯೧'. ಇಲ್ಲಿ ಅಮ್ಮನೆಂದರೆ ನನ್ನ ಅಮ್ಮನ ಅಮ್ಮ, ನನ್ನ ಅಜ್ಜಿ. ಅವಳು ತೀರಿಕೊಂಡಾಗ ನನಗೆ ಏಳು ವರ್ಷ. ಅವಳ ಮುಖ ನನಗೆ ನೆನಪಿದೆ, ಮಡಿಲಿನ ವೀಳ್ಯದೆಲೆಯ ವಾಸನೆ ನೆನಪಿದೆ. ದನಿ ಮಾತ್ರ ನೆನಪಿಲ್ಲ.

ಅಮ್ಮ ಆ ಕ್ಯಾಸೆಟ್ಟನ್ನು ಕೈಗೆ ತೆಗೆದುಕೊಂಡಳು. "ಇದನ್ನು ಕೇಳದೆ ಇಪ್ಪತ್ತು ವರ್ಷದ ಮೇಲಾಯಿತು ಕಣೋ. ಯಂತ್ರ ಕೆಟ್ಟು ಹೋಯಿತಲ್ಲ" ಎಂದು ಸೆರಗಿನಿಂದ ಅದರ ಧೂಳನ್ನು ಒರೆಸಿ, ಮತ್ತೆ ಕರವಸ್ತ್ರದಲ್ಲಿ ಸುತ್ತಿದಳು. ಅಂದು ದೀಪದ ಕಂಬಗಳನ್ನು ಇಳಿಸುವುದನ್ನು ನಾನು ಮರೆತೇಬಿಟ್ಟೆ.

ಅಚ್ಚಿನ ಹೆಸರಿದ್ದ ಮೂವತ್ತೆರಡಕ್ಕೂ ಕೈಬರಹದ ಹನ್ನೊಂದಕ್ಕೂ ಇರುವ ಅಂತರ ನನಗೆ ಹೊಳೆದುದು ಆಗಲೇ. ಮೊದಲಿನವಕ್ಕೆ ಸಾವಿರಾರು ಒಡಹುಟ್ಟಿದವರುಂಟು. ಒಂದು ಹೋದರೆ ಇನ್ನೊಂದು ಎಲ್ಲಿಯೋ ಇದ್ದೇ ಇರುತ್ತದೆ. ಬಹುಪಾಲು ಹಾಡುಗಳು ಇಂದು ಫೋನಿನಲ್ಲಿಯೇ ಸಿಕ್ಕುತ್ತವೆ. ಎರಡನೆಯವು ಒಂಟಿ ಪ್ರಾಣಿಗಳು. ಹಸ್ತಪ್ರತಿಗಳ ಪಾಠ ಹೇಳುವಾಗ, ಒಂದೇ ಒಂದು ತಾಳೆಗರಿಯ ಪ್ರತಿಯಿಂದ ಉಳಿದು ಬಂದ ಕಾವ್ಯಗಳ ವಿಷಯವನ್ನು ವಿದ್ಯಾರ್ಥಿಗಳಿಗೆ ಆವೇಶದಿಂದ ವಿವರಿಸುವವನು ನಾನು. ನನ್ನ ಮನೆಯ ಅಟ್ಟದ ಮೇಲೆಯೇ ಅಂಥ ಹನ್ನೊಂದು ಪ್ರತಿಗಳು ಬೂಷ್ಟು ಹಿಡಿಯುತ್ತಿದ್ದುವು.

ಜೇಬಿನಲ್ಲಿ ಹಿಡಿದ ಯಂತ್ರ

ಈ ಸಣ್ಣ ಪೆಟ್ಟಿಗೆಯ ಹುಟ್ಟಿನ ಕಥೆಯನ್ನು ಇಲ್ಲಿ ಸ್ವಲ್ಪ ಹೇಳುವುದು ಅನುಚಿತವಾಗಲಾರದು.

ಧ್ವನಿಯನ್ನು ಅಯಸ್ಕಾಂತ ಶಕ್ತಿಯಿಂದ ಹಿಡಿದಿಡುವ ಉಪಾಯವನ್ನು ೧೮೯೮ರಲ್ಲಿ ಡೆನ್ಮಾರ್ಕಿನ ಪೌಲ್‌ಸೆನ್ ಎಂಬಾತ ಉಕ್ಕಿನ ತಂತಿಯ ಮೇಲೆ ಸಾಧಿಸಿ ತೋರಿಸಿದ. ತಂತಿಯ ಬದಲು, ಕಬ್ಬಿಣದ ಪುಡಿ ಲೇಪಿಸಿದ ಪಟ್ಟಿಯನ್ನು ೧೯೨೮ರಲ್ಲಿ ಜರ್ಮನಿಯ ಫ್ಲಾಯ್ಮರ್ ಕಂಡುಹಿಡಿದ. ೧೯೩೫ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಮ್ಯಾಗ್ನೆಟೋಫೋನ್ ಎಂಬ ಯಂತ್ರ ಜನರ ಮುಂದೆ ಬಂದಿತು. ಆದರೆ ಇವೆಲ್ಲ ದೊಡ್ಡ ದೊಡ್ಡ ತೆರೆದ ಸುರುಳಿಗಳ ಯಂತ್ರಗಳು. ಟೇಪಿನ ತುದಿಯನ್ನು ಕೈಯಿಂದ ಪೋಣಿಸಬೇಕು. ಆಕಾಶವಾಣಿಯ ನಿಲಯದಲ್ಲಿಯೋ ಸ್ಟುಡಿಯೋದಲ್ಲಿಯೋ ಅವುಗಳ ವಾಸ. ಗೃಹಸ್ಥರ ಅಡಿಗೆಮನೆಗೂ ಅವಕ್ಕೂ ದೂರದ ನೆಂಟಸ್ತಿಕೆಯೂ ಇರಲಿಲ್ಲ.

ಆ ನೆಂಟಸ್ತಿಕೆಯನ್ನು ಕುದುರಿಸಿದಾತ ಲೂ ಒಟೆನ್ಸ್ ಎಂಬ ಡಚ್ ಎಂಜಿನಿಯರು. ಬೆಲ್ಜಿಯಮ್ಮಿನ ಹ್ಯಾಸೆಲ್ಟ್ ಎಂಬಲ್ಲಿದ್ದ ಫಿಲಿಪ್ಸ್ ಕಾರ್ಖಾನೆಯಲ್ಲಿ ಆತನ ಕೆಲಸ. ಕೋಟಿನ ಜೇಬಿನಲ್ಲಿ ಹಿಡಿಯುವಂಥ ಒಂದು ಮರದ ತುಂಡನ್ನು ಇಟ್ಟುಕೊಂಡು, ಯಂತ್ರ ಇದಕ್ಕಿಂತ ದೊಡ್ಡದಾಗಬಾರದೆಂದು ಆತ ಮೊದಲೇ ಅಳತೆ ಕಟ್ಟಿದನಂತೆ. ೧೯೬೩ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಆ ಕ್ಯಾಸೆಟ್ಟು ಲೋಕಕ್ಕೆ ಪರಿಚಯವಾಯಿತು. ಒಟೆನ್ಸ್ ತೀರಿಕೊಂಡದ್ದು ಈಚೆಗೆ, ೨೦೨೧ರಲ್ಲಿ.

ಅದರೊಳಗಿನ ಟೇಪಿನ ಅಗಲ ನಾಲ್ಕು ಮಿಲಿಮೀಟರಿಗೂ ಕಡಮೆ. ಅದು ಸೆಕೆಂಡಿಗೆ ೪.೭೬ ಸೆಂಟಿಮೀಟರಿನಂತೆ ಹರಿಯುತ್ತದೆ. ಅರ್ಧಗಂಟೆ ಹರಿಯಬೇಕಾದರೆ ಸುಮಾರು ಎಂಬತ್ತಾರು ಮೀಟರು ಉದ್ದ ಬೇಕೆಂದಾಯಿತು. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ, ಎಂದರೆ ಒಂದೊಂದು ಮಗ್ಗುಲಿಗೆ ಮೂವತ್ತು ನಿಮಿಷ ಬರುವ ಕ್ಯಾಸೆಟ್ಟಿನಲ್ಲಿ, ಸುತ್ತಿಕೊಂಡು ಕುಳಿತಿರುವುದು ಇಷ್ಟುದ್ದದ ಪಟ್ಟಿಯೇ. ತೊಂಬತ್ತು ನಿಮಿಷದ್ದಕ್ಕೆ ಅದರ ಒಂದೂವರೆಯಷ್ಟು ಉದ್ದ ಬೇಕು. ಪೆಟ್ಟಿಗೆ ಮಾತ್ರ ಅಷ್ಟೇ ದೊಡ್ಡದು. ಆದುದರಿಂದ ಅದರ ಟೇಪು ಇನ್ನೂ ತೆಳು, ನೂರಿಪ್ಪತ್ತು ನಿಮಿಷದ್ದು ಅದಕ್ಕಿಂತಲೂ ತೆಳು. ಹಳೆಯ ಕ್ಯಾಸೆಟ್ಟುಗಳನ್ನು ಮುಟ್ಟುವವರು ನೆನಪಿಡಬೇಕಾದ ಮೊದಲನೆಯ ಸಂಗತಿ ಇದು: ಹೆಚ್ಚು ಹೊತ್ತಿನ ಟೇಪು ಹೆಚ್ಚು ದುರ್ಬಲ.

ಕನ್ನಡದ ಮಟ್ಟಿಗೆ ಕ್ಯಾಸೆಟ್ಟು ಮಾಡಿದ ಉಪಕಾರ ಸಾಮಾನ್ಯವಲ್ಲ. ನಾನು ಮೇಲೆ ಹೇಳಿದ 'ನಿತ್ಯೋತ್ಸವ' ೧೯೭೮ರಲ್ಲಿ ಹೊರಬಂದಿತು. ಭಾವಗೀತೆಗಳ ಧ್ವನಿಸುರುಳಿಗಳಿಗೆ ಕನ್ನಡದಲ್ಲಿ ಅದೇ ನಾಂದಿಯೆನ್ನುತ್ತಾರೆ. ಅಲ್ಲಿಂದ ಮುಂದೆ ಕವಿಗಳ ಪದ್ಯಗಳು ಪಠ್ಯಪುಸ್ತಕದಿಂದ ಎದ್ದು ಅಡಿಗೆಮನೆಗೂ ಬಸ್ಸಿಗೂ ಬಂದುವು. ಗ್ರಾಮಫೋನ್ ತಟ್ಟೆಗಿಂತ ಇದು ಅಗ್ಗ, ಎತ್ತಿ ಹಾಕಿದರೆ ಒಡೆಯದು. ಉತ್ತರ ಭಾರತದಲ್ಲಿ ಈ ಸಣ್ಣ ಪೆಟ್ಟಿಗೆ ಸಂಗೀತದ ವ್ಯಾಪಾರವನ್ನೇ ಹೇಗೆ ಬುಡಮೇಲು ಮಾಡಿತೆಂಬುದನ್ನು ಪೀಟರ್ ಮ್ಯಾನುಯೆಲ್ ಎಂಬ ವಿದ್ವಾಂಸರು ೧೯೯೩ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದು ವಿವರಿಸಿದ್ದಾರೆ.

ಆದರೆ ಇವೆಲ್ಲಕ್ಕಿಂತ ಮಿಗಿಲಾದ ಗುಣ ಇನ್ನೊಂದಿತ್ತು. ಗ್ರಾಮಫೋನು ಹಾಡುತ್ತಿತ್ತು, ರೇಡಿಯೋ ಮಾತಾಡುತ್ತಿತ್ತು. ಎರಡೂ ನಮ್ಮ ಮಾತನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಕ್ಯಾಸೆಟ್ ಯಂತ್ರಕ್ಕೆ ಕಿವಿಯಿತ್ತು. ಕೆಂಪು ಗುಂಡಿಯನ್ನೂ ಅದರ ಪಕ್ಕದ್ದನ್ನೂ ಒಟ್ಟಿಗೆ ಒತ್ತಿದರೆ ಸಾಕು, ಹಳ್ಳಿಯ ಮನೆಯೊಂದರ ಜಗಲಿ ತನ್ನ ದನಿಯನ್ನು ತಾನೇ ದಾಖಲಿಸಿಕೊಳ್ಳುತ್ತಿತ್ತು. ನಮ್ಮ ಸೋದರಮಾವ ೧೯೮೬ರಲ್ಲಿ ಬೊಂಬಾಯಿಯಿಂದ ತಂದು ತಂಗಿಗೆ ಕೊಟ್ಟ ಟೂ-ಇನ್-ಒನ್ನಿನಿಂದ ಅಮ್ಮ ಮಾಡಿದುದು ಈ ಕೆಲಸವನ್ನೇ.

ಒಂದು ಗೇಣಿನ ಬೆಲೆ

ಆ ಟೂ-ಇನ್-ಒನ್ನನ್ನೂ ಅಟ್ಟದಿಂದ ಇಳಿಸಿ ನೋಡಿದೆ. ಮೋಟಾರಿನಿಂದ ಗಾಲಿಗೆ ಚಲನೆಯನ್ನು ಒಯ್ಯುವ ರಬ್ಬರಿನ ಬೆಲ್ಟು ಕರಗಿ, ಡಾಂಬರಿನಂತೆ ಗಾಲಿಗಳಿಗೆ ಅಂಟಿಕೊಂಡಿತ್ತು. ಒಳಗೆ ಇರುವೆಗಳು ಬಹುಕಾಲದಿಂದ ಸಂಸಾರ ಹೂಡಿದ ಗುರುತಿತ್ತು. ಅದರ ಆಸೆಯನ್ನು ಬಿಟ್ಟು, ಶಿವಮೊಗ್ಗೆಗೆ ಬಂದವನೇ ಅತ್ಯಂತ ಅಗ್ಗದ ಒಂದು ಪ್ಲಾಸ್ಟಿಕ್ ಪ್ಲೇಯರನ್ನು ಅಂಚೆಯಲ್ಲಿ ತರಿಸಿದೆ. ಅಂಗೈಯಗಲದ ಯಂತ್ರ, ಬೆಲೆಯೂ ಹಗುರ, ತೂಕವೂ ಹಗುರ.

ಬುದ್ಧಿವಂತನಾಗಿದ್ದರೆ ನಾನು ಮೊದಲು ಯಾವುದಾದರೂ ಸಿನಿಮಾ ಹಾಡಿನ ಕ್ಯಾಸೆಟ್ಟನ್ನು ಹಾಕಿ ಪರೀಕ್ಷಿಸುತ್ತಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟವಲ್ಲವೆ! 'ಅಮ್ಮನ ಹಾಡ'ನ್ನೇ ಹಾಕಿದೆ. ಸೊಂಯ್ ಎಂಬ ಸದ್ದು, ಅದರ ಹಿಂದೆ ದೂರದಿಂದೆಂಬಂತೆ ಒಂದು ದನಿ. ಎರಡು ನಿಮಿಷ ಕಳೆಯುವುದರೊಳಗಾಗಿ ಆ ದನಿ ನೀರಿನಲ್ಲಿ ಮುಳುಗಿದಂತೆ ಗೊಳಗೊಳವೆಂದು ನಿಂತುಹೋಯಿತು. ಮುಚ್ಚಳ ತೆಗೆದರೆ, ಯಂತ್ರ ಟೇಪನ್ನು ನುಂಗಿತ್ತು.

ನುಂಗುವುದೆಂದರೇನೆಂಬುದು ಆಮೇಲೆ ತಿಳಿಯಿತು. ಉಕ್ಕಿನ ಸಣ್ಣ ಕಡ್ಡಿಯೊಂದೂ ರಬ್ಬರಿನ ಗಾಲಿಯೊಂದೂ ಟೇಪನ್ನು ನಡುವೆ ಹಿಡಿದು ಸಮವೇಗದಿಂದ ಎಳೆಯುತ್ತವೆ. ಹಾಗೆ ಎಳೆದು ಬಿಟ್ಟ ಟೇಪನ್ನು ಇನ್ನೊಂದು ಗಾಲಿ ಒಡನೆಯೇ ಸುತ್ತಿಕೊಳ್ಳಬೇಕು. ಸುತ್ತುವ ಗಾಲಿಗೆ ಶಕ್ತಿ ಸಾಲದೆ ಹೋದರೆ, ಎಳೆದ ಟೇಪು ಒಳಗೇ ರಾಶಿ ಬಿದ್ದು ರಬ್ಬರಿನ ಗಾಲಿಗೆ ಹೆಣೆದುಕೊಳ್ಳುತ್ತದೆ.

ಪೆನ್ಸಿಲೊಂದನ್ನು ತೂರಿಸಿ, ಉಸಿರು ಬಿಗಿಹಿಡಿದು ಬಿಡಿಸಿಕೊಂಡೆ. ಹರಿಯಲಿಲ್ಲ, ದೇವರ ದಯೆ. ಆದರೆ ಒಂದು ಗೇಣಿನಷ್ಟು ಟೇಪು ಒಣಗಿದ ಬಾಳೆಯ ಪಟ್ಟೆಯಂತೆ ನೆರಿಗೆಬಿದ್ದಿತ್ತು. ಒಂದು ಗೇಣೆಂದರೆ ಸುಮಾರು ಇಪ್ಪತ್ತೆರಡು ಸೆಂಟಿಮೀಟರು. ಲೆಕ್ಕ ಹಾಕಿದೆ, ಐದು ಸೆಕೆಂಡಿಗೆ ಸ್ವಲ್ಪ ಕಡಮೆ. ಮೂವತ್ತು ವರ್ಷ ಅಟ್ಟದ ಹೊಗೆಯನ್ನೂ ಮಲೆನಾಡಿನ ಮಳೆಗಾಲಗಳನ್ನೂ ತಡೆದುಕೊಂಡಿದ್ದ ಅಜ್ಜಿಯ ದನಿಯಲ್ಲಿ ಐದು ಸೆಕೆಂಡುಗಳನ್ನು ನಾನು ಒಂದು ಸಂಜೆಯಲ್ಲಿ ಹಾಳುಮಾಡಿದ್ದೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅಮ್ಮನಿಗೆ ಫೋನು ಮಾಡಿದೆನಾದರೂ ವಿಷಯವನ್ನು ಹೇಳಲು ಬಾಯಿ ಬರಲಿಲ್ಲ.

ಬಾಯಿಲ್ಲದ ಯಂತ್ರ

ಒಳ್ಳೆಯ ಯಂತ್ರವನ್ನೇ ಕೊಳ್ಳಬೇಕೆಂದು ನಿಶ್ಚಯಿಸಿದುದು ಅಂದೇ. ನಮ್ಮ ಬೀದಿಯ ಕೊನೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರಿದ್ದಾರೆ. ಅಂಗಡಿ ಮುಚ್ಚಿ ಈಗ ಮೊಮ್ಮಕ್ಕಳನ್ನು ಆಡಿಸಿಕೊಂಡಿರುವವರು. ನನ್ನ ಅಹವಾಲನ್ನು ಕೇಳಿ ಅವರು ನಕ್ಕು, "ಮೇಷ್ಟ್ರೇ, ಎರಡು ದಾರಿ ಇದೆ. ಹಳೆಯ ಕಾಲದ ಒಳ್ಳೆ ಡೆಕ್ಕನ್ನು ಹುಡುಕಿ ತಂದರೆ ಅದರ ಹೆಡ್ಡು, ಮೋಟಾರು ಇಂದಿನವಕ್ಕಿಂತ ಗಟ್ಟಿ. ಆದರೆ ಬೆಲ್ಟು, ರಬ್ಬರು ಬದಲಾಯಿಸಬೇಕು, ಅದನ್ನು ಬಲ್ಲವರು ಬೇಕು. ನನ್ನ ಕೈ ಈಗ ನಡುಗುತ್ತೆ. ನಿಮಗೆ ಹೊಸದೇ ವಾಸಿ" ಎಂದರು.

ಹೊಸ ಡೆಕ್ಕುಗಳನ್ನು ತಯಾರಿಸುವವರು ಈಗ ಬೆರಳೆಣಿಕೆಯಷ್ಟು ಮಂದಿ. ಜಪಾನಿನ ಟೀಯಾಕ್ ಕಂಪೆನಿ ಎರಡು ಕ್ಯಾಸೆಟ್ಟುಗಳನ್ನು ಹಿಡಿಯುವ ಡೆಕ್ಕುಗಳನ್ನು ಈಚಿನ ವರ್ಷಗಳಲ್ಲಿಯೂ ತಂದಿದೆ. ಅದರಿಂದ ಟೇಪಿನ ಧ್ವನಿಯನ್ನು ನೇರವಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಜೇಬಿನ ಪ್ಲೇಯರುಗಳೂ ಮತ್ತೆ ಬರತೊಡಗಿವೆ. ೧೯೭೯ರಲ್ಲಿ ಸೋನಿಯ ವಾಕ್‌ಮನ್ ಹಾಕಿಕೊಟ್ಟ ಮಾದರಿ ಅದು. ಹಲವು ಮನೆಗಳಲ್ಲಿ ವಿಚಾರಿಸಿ, ಹಲವು ದಿನ ಲೆಕ್ಕ ಹಾಕಿ, ಕೊನೆಗೆ ತಿಂಗಳ ಸಂಬಳದ ಬಹುಭಾಗವನ್ನು ತೆತ್ತು ನಾನೊಂದನ್ನು ತರಿಸಿದೆ.

ಪೆಟ್ಟಿಗೆ ಬಂದಿತು. ಬಿಚ್ಚಿದೆ, ಪ್ಲಗ್ಗು ಸಿಕ್ಕಿಸಿದೆ, ಈ ಸಲ ಜಾಣನಾಗಿ ಸಿನಿಮಾ ಹಾಡಿನ ಕ್ಯಾಸೆಟ್ಟನ್ನೇ ಹಾಕಿದೆ. ದೀಪ ಹತ್ತಿತು, ಗಾಲಿಗಳು ತಿರುಗಿದುವು. ಹಾಡು ಮಾತ್ರ ಇಲ್ಲ! ಗಾಬರಿಯಾಗಿ ರಿಪೇರಿಯ ಹಿರಿಯರಲ್ಲಿಗೆ ಓಡಿದೆ. "ಮೇಷ್ಟ್ರೇ, ಡೆಕ್ಕಿಗೆ ಸ್ಪೀಕರು ಇರುವುದಿಲ್ಲ. ಅದಕ್ಕೆ ಆಂಪ್ಲಿಫೈಯರು, ಸ್ಪೀಕರು ಬೇರೆ ಬೇಕು" ಎಂದು ಅವರು ನಗುವನ್ನು ತಡೆದುಕೊಂಡು ಹೇಳಿದರು. "ಇಷ್ಟು ದುಡ್ಡು ಕೊಟ್ಟು ಬಾಯಿಲ್ಲದ ಯಂತ್ರ ತಂದಿರಾ?" ಎಂದು ನನ್ನವಳು ಕೇಳಿದಾಗ, ಕನ್ನಡ ಎಂ.ಎ. ಆದವನ ಶಬ್ದಸಂಪತ್ತು ಒಮ್ಮೆಲೇ ಬರಿದಾಯಿತು. ಕೊನೆಗೆ ಹಿರಿಯರೇ ತಮ್ಮ ಮನೆಯ ಮೂಲೆಯಲ್ಲಿದ್ದ ಹಳೆಯ ಆಂಪ್ಲಿಫೈಯರನ್ನೂ ಒಂದು ಜೊತೆ ಸ್ಪೀಕರುಗಳನ್ನೂ ಕೊಟ್ಟು ಮರ್ಯಾದೆ ಉಳಿಸಿದರು. ನನ್ನ ದಾರಿಯಲ್ಲಿ ನಡೆಯಬೇಕೆಂದಿರುವ ವಾಚಕರು ಇದನ್ನು ಮೊದಲೇ ಗಮನಿಸುವುದು ಲೇಸು.

ಸುರುಳಿಯ ಶುಶ್ರೂಷೆ

ಆ ಹಿರಿಯರು ಕಲಿಸಿದ ಇನ್ನೂ ಕೆಲವು ಮಾತುಗಳನ್ನು ಇಲ್ಲಿ ಬರೆದಿಡುತ್ತೇನೆ. ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಹಳೆಯ ಕ್ಯಾಸೆಟ್ಟನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೆ ಯಂತ್ರಕ್ಕೆ ಹಾಕಬಾರದು. ಕಿಟಕಿಯಿಂದ ಟೇಪನ್ನು ನೋಡಬೇಕು. ಅಂಚಿನಲ್ಲಿ ಬಿಳಿಯ ಹುಡಿಯಂತೆ ಕಂಡರೆ ಅದು ಬೂಷ್ಟು. ಅಂಥದನ್ನು ಹಾಕಿದರೆ ಯಂತ್ರವೂ ಕೆಡುತ್ತದೆ, ಆಮೇಲೆ ಹಾಕುವ ಕ್ಯಾಸೆಟ್ಟುಗಳಿಗೂ ಅಂಟು ಹತ್ತುತ್ತದೆ. ಅದನ್ನು ಬೇರೆಯಿಟ್ಟು, ತಿಳಿದವರ ಕೈಗೇ ಕೊಡಬೇಕು. ಟೇಪಿನ ಹಿಂಬದಿಯಲ್ಲಿ, ಹಿತ್ತಾಳೆಯ ಬಣ್ಣದ ಸಣ್ಣ ಪಟ್ಟಿಯ ಮೇಲೆ, ಉಣ್ಣೆಯ ಒಂದು ಚೂರು ಅಂಟಿಸಿರುತ್ತದೆ. ಟೇಪನ್ನು ಹೆಡ್ಡಿಗೆ ಮೆಲ್ಲಗೆ ಒತ್ತಿ ಹಿಡಿಯುವುದು ಅದರ ಕೆಲಸ. ವರ್ಷಗಳು ಕಳೆದಂತೆ ಅಂಟು ಒಣಗಿ ಅದು ಉದುರುತ್ತದೆ. ಆಗ ಧ್ವನಿ ಗೋಡೆಯಾಚೆಯಿಂದ ಬಂದಂತೆ ಮಂಕಾಗುತ್ತದೆ. ಟೇಪೇ ಹಾಳಾಯಿತೆಂದು ಎಸೆಯಬೇಡಿ. ಸ್ಕ್ರೂ ಹಾಕಿದ ಹೊದಿಕೆಯಾದರೆ ಬಿಚ್ಚಿ, ಬೇಡದ ಇನ್ನೊಂದು ಕ್ಯಾಸೆಟ್ಟಿನ ಚೂರನ್ನು ಇದಕ್ಕೆ ಕೂಡಿಸಬಹುದು.

ಆರು ಮೂಲೆಯ ಪೆನ್ಸಿಲಿನ ಉಪಯೋಗ ನಮ್ಮ ತಲೆಮಾರಿಗೆ ಗೊತ್ತು. ಕ್ಯಾಸೆಟ್ಟಿನ ಗಾಲಿಯೊಳಗೆ ಆರು ಹಲ್ಲುಗಳಿವೆ; ಪೆನ್ಸಿಲು ಅಳತೆಮಾಡಿ ಮಾಡಿದಂತೆ ಅಲ್ಲಿ ಕೂರುತ್ತದೆ. ಮೊದಲು ಕೈಯಿಂದ ನಾಲ್ಕು ಸುತ್ತು ತಿರುಗಿಸಿ, ಗಾಲಿ ಸಡಿಲವಾಗಿದೆಯೆಂದು ತಿಳಿದ ಮೇಲೆ ಯಂತ್ರದಲ್ಲಿ ಒಮ್ಮೆ ಪೂರ್ತಿ ಮುಂದಕ್ಕೂ ಒಮ್ಮೆ ಪೂರ್ತಿ ಹಿಂದಕ್ಕೂ ಓಡಿಸಬೇಕು. ವರ್ಷಗಟ್ಟಲೆ ಒಂದಕ್ಕೊಂದು ಒತ್ತಿಕೊಂಡು ಕುಳಿತ ಸುತ್ತುಗಳು ಇದರಿಂದ ಬಿಡಿಸಿಕೊಳ್ಳುತ್ತವೆ.

ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪ್ಲಾಸ್ಟಿಕ್ ಎಸಳುಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಇನ್ನೊಂದನ್ನು ಮುದ್ರಿಸಲು ಯಂತ್ರ ಒಪ್ಪುವುದಿಲ್ಲ. ಮನೆಯ ಮಕ್ಕಳ ಕೈಗೆ ಕೆಂಪು ಗುಂಡಿ ಸಿಗುವುದಕ್ಕೆ ಮೊದಲು ಈ ಶಾಸ್ತ್ರವನ್ನು ಮುಗಿಸಬೇಕು. ಐದಾರು ಕ್ಯಾಸೆಟ್ಟು ಕೇಳಿದ ಮೇಲೆ ಹೆಡ್ಡಿಗೂ ರಬ್ಬರಿನ ಗಾಲಿಗೂ ಕಂದುಬಣ್ಣದ ಹುಡಿ ಹತ್ತುತ್ತದೆ. ಟೇಪಿನ ಮೈಯಿಂದ ಉದುರಿದ ಕಬ್ಬಿಣದ ಆಕ್ಸೈಡು ಅದು. ಕಡ್ಡಿಗೆ ಹತ್ತಿ ಸುತ್ತಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಹೆಡ್ಡನ್ನು ಒರೆಸಬೇಕು.

ಇನ್ನೊಂದು ಮಾತು. ಟೇಪಿನ ಸೊಂಯ್ ಸದ್ದನ್ನು ಅಡಗಿಸಲು ಡಾಲ್ಬಿಯವರು ೧೯೬೮ರಲ್ಲಿ ಒಂದು ಕ್ರಮವನ್ನು ತಂದರು. ಮುದ್ರಿಸುವಾಗ ಮೆಲುವಾದ ತಾರಧ್ವನಿಗಳನ್ನು ಏರಿಸುವುದು, ಕೇಳುವಾಗ ಅಷ್ಟೇ ಇಳಿಸುವುದು. ಇಳಿಸಿದಾಗ ಸೊಂಯ್ ಸದ್ದೂ ಜೊತೆಯಲ್ಲಿ ಇಳಿಯುತ್ತದೆ. ಹೊಸ ಡೆಕ್ಕುಗಳಲ್ಲಿ ಅದನ್ನು ಹೋಲುವ ಗುಂಡಿಯೊಂದಿರುವುದುಂಟು. ಮನೆಯಲ್ಲಿ ಟೂ-ಇನ್-ಒನ್ನಿನಲ್ಲಿ ಮುದ್ರಿಸಿದವಕ್ಕೆ ಸಾಮಾನ್ಯವಾಗಿ ಆ ಏರಿಕೆಯೇ ಆಗಿರುವುದಿಲ್ಲ. ಏರಿಸದುದನ್ನು ಇಳಿಸಿದರೆ ಸದ್ದಿನೊಂದಿಗೆ ದನಿಯ ಜೀವವೂ ಹೋಗುತ್ತದೆ. ಅಜ್ಜಿಯ ಹಾಡಿಗೆ ಆ ಗುಂಡಿಯನ್ನು ಒತ್ತದಿರುವುದೇ ಮೇಲು.

ಯಾರ ದನಿ?

ಯುಗಾದಿಯ ರಜಕ್ಕೆ ಡೆಕ್ಕು, ಆಂಪ್ಲಿಫೈಯರು, ಸ್ಪೀಕರುಗಳ ಸಮೇತ ನಮ್ಮ ದಿಬ್ಬಣ ಊರಿಗೆ ಹೊರಟಿತು. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಎಲ್ಲವನ್ನೂ ಹೂಡಿದೆ. ಅಮ್ಮ ಕಂಬಕ್ಕೆ ಒರಗಿ ಕುಳಿತಳು. 'ಅಮ್ಮನ ಹಾಡು' ತಿರುಗತೊಡಗಿತು.

ಹಾಡು ಬಂದಿತು, ಸ್ಪಷ್ಟವಾಗಿಯೇ ಬಂದಿತು. ನನಗೆ ಮೈ ಜುಮ್ಮೆಂದಿತು. ಆದರೆ ಅಮ್ಮನ ಹುಬ್ಬು ಗಂಟಿಕ್ಕಿತು. "ಇದು ಅಮ್ಮನ ದನಿ ಅಲ್ಲ ಕಣೋ. ಇದು ಯಾರೋ ಹುಡುಗಿಯದು" ಎಂದಳು.

ನನ್ನ ಎದೆ ಧಸಕ್ಕೆಂದಿತು. ಕ್ಯಾಸೆಟ್ಟು ಅದಲುಬದಲಾಯಿತೆ? ಸ್ವಲ್ಪ ಹೊತ್ತು ಯೋಚಿಸಿದ ಮೇಲೆ ಅಮ್ಮನೇ, "ಆವತ್ತು ಕರೆಂಟು ಇರಲಿಲ್ಲ. ಸೆಲ್ ಹಾಕಿ ಹಿಡಿದಿದ್ದು" ಎಂದಳು. ಆಗ ವಿಷಯ ಹೊಳೆಯಿತು. ಸೆಲ್ಲುಗಳು ಸೋತರೆ ಮೋಟಾರು ನಿಧಾನವಾಗುತ್ತದೆ. ನಿಧಾನವಾಗಿ ಹರಿದ ಟೇಪಿನ ಮೇಲೆ ಮುದ್ರಿಸಿದುದನ್ನು ಸರಿಯಾದ ವೇಗದಲ್ಲಿ ಕೇಳಿದರೆ ದನಿ ಕೀಚಲಾಗುತ್ತದೆ. ವೇಗ ನೂರಕ್ಕೆ ಆರರಷ್ಟು ಹೆಚ್ಚಿದರೆ ಶ್ರುತಿ ಅರ್ಧ ಸ್ವರದಷ್ಟು ಏರುತ್ತದೆ. ನನ್ನ ಡೆಕ್ಕಿನಲ್ಲಿ ವೇಗವನ್ನು ಏರಿಸಿ ಇಳಿಸುವ ತಿರುಪೊಂದಿದ್ದಿತು. ಅದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಇಳಿಸುತ್ತ ಹೋದೆ. ಅಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು. "ಇನ್ನೂ ಸ್ವಲ್ಪ... ಇನ್ನೂ... ಹೂಂ, ಅಷ್ಟೇ. ಈಗ ಅಮ್ಮ."

ಮೂವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ನನ್ನ ಅಜ್ಜಿಯ ದನಿಯನ್ನು ನಾನು ಕೇಳಿದೆ. ನಾನು ಊಹಿಸಿದುದಕ್ಕಿಂತ ಅದು ಒರಟು, ಊಹಿಸಿದುದಕ್ಕಿಂತ ಗಟ್ಟಿ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ಒಂದಾದ ಮೇಲೊಂದು. ಡೆಕ್ಕು ಎಷ್ಟೇ ಬೆಲೆಯದಾಗಲಿ, ಯಾವ ವೇಗದಲ್ಲಿ ಅಜ್ಜಿ ಅಜ್ಜಿಯಾಗುತ್ತಾಳೆಂಬುದನ್ನು ಅದು ಹೇಳಲಾರದು. ಅದಕ್ಕೆ ಅಮ್ಮನ ಕಿವಿಯೇ ಬೇಕಾಗಿದ್ದಿತು.

ಎರಡನೆಯ ಹಾಡಿನಲ್ಲಿ ನೆರಿಗೆ ಬಿದ್ದ ಗೇಣು ಸಮೀಪಿಸಿತು. ದನಿ ಒಮ್ಮೆ ಕಂಪಿಸಿ ಮುಳುಗಿತು. ನಾನು ತಲೆ ತಗ್ಗಿಸಿದೆ. ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕೆಂದಿರುವಷ್ಟರಲ್ಲಿ, ಅಮ್ಮ ತನಗೆ ಅರಿವಿಲ್ಲದೆಯೇ ಆ ಮುಳುಗಿದ ಸೊಲ್ಲನ್ನು ತಾನೇ ಹಾಡಿ ದಾಟಿಸಿಬಿಟ್ಟಳು. ಆಚೆ ಬದಿಯಲ್ಲಿ ಅಜ್ಜಿಯ ದನಿ ಮತ್ತೆ ಎದ್ದು ಬಂದು ಅವಳೊಡನೆ ಕೂಡಿತು. ನಾನು ಆಮೇಲೆ ಎಲ್ಲವನ್ನೂ ಹೇಳಿಕೊಂಡೆ. "ಹೋಗಲಿ ಬಿಡು, ಹಾಡು ನನಗೆ ಬರುತ್ತಲ್ಲ" ಎಂದಳು.

ಹಾಡಿನ ನಡುವೆ ಬೇರೆ ಸದ್ದುಗಳೂ ಇದ್ದುವು. ಒಂದೊಂದನ್ನೂ ಅಮ್ಮ ಹೆಸರು ಹಿಡಿದು ಗುರುತಿಸಿದಳು. ಕೆಮ್ಮಿದವನು ಅಜ್ಜ. ಅಂಬಾ ಎಂದುದು ಕೆಂಪಿಯೆಂಬ ಹಸು. ದೂರದಲ್ಲಿ ರೇಡಿಯೋದಲ್ಲಿ ಮಾತಾಡುತ್ತಿರುವುದು ಭದ್ರಾವತಿ ನಿಲಯ. ಮರೆತಲ್ಲಿ ಸೊಲ್ಲು ಎತ್ತಿಕೊಡುತ್ತಿದ್ದವಳು ದೊಡ್ಡಮ್ಮ. ಅಷ್ಟರಲ್ಲಿ, ಒಂದು ಹಾಡು ಮುಗಿದೊಡನೆಯೇ, ಹೆಂಗಸೊಬ್ಬಳು ಗಲಗಲನೆ ನಕ್ಕು, "ಸಾಕು ಮಾರಾಯ್ತಿ, ಒಲೆಯ ಮೇಲೆ ಹಾಲು ಉಕ್ತಾ ಇದೆ" ಎಂದಳು. ಎಷ್ಟು ಚೆಲುವಾದ ನಗುವೆಂದರೆ, ನಾವೆಲ್ಲರೂ ಅದರೊಂದಿಗೆ ನಕ್ಕೆವು.

"ಇದು ಯಾರಮ್ಮ?" ಎಂದು ಕೇಳಿದೆ.

ಅಮ್ಮ ಮತ್ತೊಮ್ಮೆ ಹಾಕಿಸಿ ಕೇಳಿದಳು. ಮೂರನೆಯ ಸಲ ಕೇಳಿದಳು. ತಲೆಯಾಡಿಸಿ, "ಗೊತ್ತಾಗುತ್ತಿಲ್ಲ ಕಣೋ. ಅಕ್ಕ ಇದ್ದಿದ್ದರೆ ಹೇಳುತ್ತಿದ್ದಳು" ಎಂದಳು. ದೊಡ್ಡಮ್ಮ ತೀರಿಕೊಂಡು ಎರಡು ವರ್ಷವಾಗಿದೆ. ಅಂದು ಜಗಲಿಯಲ್ಲಿದ್ದವರಲ್ಲಿ ಉಳಿದಿರುವುದು ಅಮ್ಮ ಒಬ್ಬಳೇ.

ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಟೇಪು ಚೆನ್ನಾಗಿಯೇ ಇದೆ, ಯಂತ್ರ ಹೊಸದು, ನಗು ನಿನ್ನೆ ನಕ್ಕಂತಿದೆ. ನಕ್ಕವಳು ಯಾರೆಂಬುದು ಮಾತ್ರ ಲೋಕದಿಂದ ಅಳಿಸಿಹೋಗಿದೆ. ಮೂರು ವರ್ಷ ಮೊದಲು ನಾನು ಈ ಡೆಕ್ಕನ್ನು ಕೊಂಡಿದ್ದರೆ ಅವಳಿಗೊಂದು ಹೆಸರಿರುತ್ತಿತ್ತು. ಕ್ಯಾಸೆಟ್ಟಿನ ಆಯುಷ್ಯ ಟೇಪಿನಲ್ಲಿಯೂ ಇಲ್ಲ, ಯಂತ್ರದಲ್ಲಿಯೂ ಇಲ್ಲ. 'ಇದು ಇಂಥವರ ದನಿ' ಎಂದು ಹೇಳಬಲ್ಲ ಮನುಷ್ಯ ಇರುವವರೆಗೆ ಮಾತ್ರ ಅದಕ್ಕೆ ಆಯುಷ್ಯ. ಬೆಲ್ಟು ಕರಗಿದರೆ ಬೇರೆ ಹಾಕಬಹುದು. ಉಣ್ಣೆಯ ಚೂರು ಉದುರಿದರೆ ಇನ್ನೊಂದನ್ನು ಅಂಟಿಸಬಹುದು. ದೊಡ್ಡಮ್ಮನನ್ನು ಎಲ್ಲಿಂದ ತರುವುದು?

ಮರುದಿನದಿಂದ ನಾವು ಒಂದು ಕ್ರಮವನ್ನು ಇಟ್ಟುಕೊಂಡೆವು. ಹನ್ನೊಂದು ಕ್ಯಾಸೆಟ್ಟುಗಳನ್ನೂ ಕಂಪ್ಯೂಟರಿಗೆ ಇಳಿಸುವುದು ನನ್ನ ಕೆಲಸ. ಅಮ್ಮ ಪಕ್ಕದಲ್ಲಿ ಕುಳಿತು ಹೇಳುವುದು. ನನ್ನ ಪತ್ನಿ ಒಂದು ನೋಟುಪುಸ್ತಕದಲ್ಲಿ, ಯಾವ ಕ್ಯಾಸೆಟ್ಟು, ಯಾವ ಮಗ್ಗುಲು, ಎಷ್ಟನೆಯ ನಿಮಿಷ, ಯಾರ ದನಿ ಎಂದು ಬರೆದುಕೊಳ್ಳುವುದು. ಬಿಲ್ಲನ್ನು ನೋಡಿ ನನ್ನನ್ನು ಪ್ರಶ್ನಿಸಿದ್ದವಳು ಅವಳೇ ಅಲ್ಲವೆ? ಆ ಪ್ರಶ್ನೆಯನ್ನು ಅವಳು ಮತ್ತೆ ಎತ್ತಲಿಲ್ಲ. ಅವಳ ತೌರುಮನೆಯಲ್ಲಿಯೂ ಅಂಥದೊಂದು ಡಬ್ಬಿಯಿರಬೇಕೆಂದು ನೆನಪಾಗಿ, ಮುಂದಿನ ವಾರವೇ ಅತ್ತೆಯವರನ್ನು ಕರೆಸಬೇಕೆಂದಿದ್ದಾಳೆ.

ಇನ್ನೊಂದು ಕೆಲಸವನ್ನೂ ಮಾಡಿದೆವು. ಡೆಕ್ಕಿನಲ್ಲಿ ಕೆಂಪು ಗುಂಡಿಯೂ ಇದೆ. ಹೊಸ ಕ್ಯಾಸೆಟ್ಟೊಂದನ್ನು ಹಾಕಿ, ಗೇಣುದ್ದ ಮುಳುಗಿದ ಆ ಹಾಡನ್ನು ಅಮ್ಮನಿಂದ ಪೂರ್ತಿಯಾಗ ಹಾಡಿಸಿದೆವು. ಗುಂಡಿ ಒತ್ತಿದವನು ಮಗ. ಮುಗಿದ ಮೇಲೆ ಬೆನ್ನಿನ ಎಸಳುಗಳನ್ನು ಮುರಿದು, ಹೆಸರು, ಊರು, ತಾರೀಖುಗಳನ್ನು ಬರೆದು ಡಬ್ಬಿಗೆ ಸೇರಿಸಿದೆವು. ಅಲ್ಲೀಗ ನಲವತ್ತನಾಲ್ಕು ಕ್ಯಾಸೆಟ್ಟುಗಳಿವೆ.

ವಾಚಕರಲ್ಲಿ ನನ್ನದೊಂದು ವಿನಂತಿ. ನಿಮ್ಮ ಅಟ್ಟದ ಮೇಲೂ ಇಂಥ ಒಂದು ಡಬ್ಬಿ ಇರಬಹುದು. ಡೆಕ್ಕನ್ನು ಅನುಕೂಲವಾದಾಗ ಕೊಳ್ಳಿ, ಇಲ್ಲವೆ ಇದ್ದವರಿಂದ ಎರವಲು ತನ್ನಿ. ಆದರೆ ಆ ದನಿಗಳನ್ನು ಬಲ್ಲ ಹಿರಿಯರ ಪಕ್ಕದಲ್ಲಿ ಇಂದೇ ಒಮ್ಮೆ ಕುಳಿತುಕೊಳ್ಳಿ. ಕೈಯಲ್ಲಿ ಒಂದು ನೋಟುಪುಸ್ತಕವಿರಲಿ. ನಮ್ಮ ಪುಸ್ತಕದಲ್ಲಿ ಏಳನೆಯ ಪುಟದ ಒಂದು ಸಾಲು ಹೀಗಿದೆ: 'ಅಮ್ಮನ ಹಾಡು, ಮೊದಲ ಮಗ್ಗುಲು, ಹದಿನಾಲ್ಕನೆಯ ನಿಮಿಷ, ಹಾಲು ಉಕ್ಕುತ್ತದೆ ಎಂದು ನಕ್ಕವರು...' ಅದರ ಮುಂದೆ ಒಂದು ಹೆಸರಿನಷ್ಟು ಜಾಗವನ್ನು ನನ್ನ ಪತ್ನಿ ಖಾಲಿ ಬಿಟ್ಟಿದ್ದಾಳೆ.